ಆಪತ್ತಿನ ಕಿಟ್ ಮತ್ತು ಪೇಂಟ್ ಬಕೆಟ್: ನನ್ನ ಅನುಭವ

ಮಳೆಗಾಲದ ಆಪತ್ತಿಗೆ ಮನೆಯಲ್ಲಿ ಏನೇನು ಇಡಬೇಕು ಅನ್ನುವ ಪಟ್ಟಿ ನಿಮ್ಮೆಲ್ಲರ ಹತ್ತಿರ ಇದ್ದೇ ಇರುತ್ತದೆ. ಅದನ್ನು ಮತ್ತೆ ಬರೆಯುವುದಿಲ್ಲ. ಕೊಡಗಿನ ಭಾಗಮಂಡಲದ ಕಡೆ ಗುಡ್ಡದ ಮೇಲೆ ಮನೆ ಇರುವ ನಮಗೆ ಪಟ್ಟಿಗಿಂತ ದೊಡ್ಡ ತಲೆನೋವು ತೇವ. ಗುಡ್ಡ ಜರಿಯುವುದು ಹೆಚ್ಚಾಗಿ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಜೂನ್, ಜುಲೈ ಮಳೆಗೇ ಚೀಲದಲ್ಲಿ ಇಟ್ಟದ್ದು ಅರ್ಧ ಹಾಳಾಗಿರುತ್ತದೆ.

2018ರಲ್ಲಿ ಮಕ್ಕಂದೂರು, ಜೋಡುಪಾಲ, ಮದೆನಾಡು ಕಡೆ ಗುಡ್ಡ ಜರಿದಾಗ ನಮ್ಮ ನೆಂಟರು ಉಟ್ಟ ಬಟ್ಟೆಯಲ್ಲೇ ಪರಿಹಾರ ಕೇಂದ್ರ ಸೇರಿದ್ದರು. ಅದನ್ನು ನೋಡಿ ಒಂದು ರೆಡಿಮೇಡ್ ಕಿಟ್ ತರಿಸಿದೆ. ನಾಲ್ಕು ಸಾವಿರದ ಮೇಲೆ ಬಿತ್ತು. ಮರುವರ್ಷ ಜುಲೈಯಲ್ಲಿ ಬಿಚ್ಚಿದರೆ ಚೀಲಕ್ಕೆಲ್ಲ ಬೂಷ್ಟು. ಬಿಸ್ಕತ್ತು ಮೆತ್ತಗೆ. ಬೆಂಕಿಕಡ್ಡಿ ಗೀರಿದರೆ ಮದ್ದೇ ಉದುರುತ್ತಿತ್ತು. ಟಾರ್ಚಿನೊಳಗೆ ಸೆಲ್ ಸೋರಿ ಸ್ಪ್ರಿಂಗ್ ತಿಂದುಹಾಕಿತ್ತು. ಆಮೇಲೆ ಕಬ್ಬಿಣದ ಟ್ರಂಕಿನ ಬಾಯಿಗೆ ರಬ್ಬರ್ ಅಂಟಿಸಿ ನೋಡಿದೆ. ಸಾವಿರ, ಸಾವಿರದಿನ್ನೂರು ಖರ್ಚು. ಅದು ಒಳಗಿಂದಲೇ ಬೆವರಿತು. ಈಗ ಅದರಲ್ಲಿ ಕೋಳಿ ಕಾವಿಗೆ ಕೂರುತ್ತದೆ.

ಕೊನೆಗೆ ಕೈಹಿಡಿದದ್ದು 20 ಲೀಟರಿನ ಹಳೇ ಪೇಂಟ್ ಬಕೆಟ್. ಪೇಂಟರ್ ಹತ್ತಿರ ಐವತ್ತು ರೂಪಾಯಿಗೆ ಸಿಕ್ಕಿತು. ಮುಚ್ಚಳದಲ್ಲಿ ರಬ್ಬರ್ ಬಳೆ ಇರುವುದನ್ನೇ ಆರಿಸಿಕೊಳ್ಳಿ. ಅಂಚಿಗೆ ನಾನು ಇನ್ನೊಂದು ವಸ್ತು ಹಚ್ಚುತ್ತೇನೆ, ಅದೇನು ಅನ್ನುವ ಗುಟ್ಟು ಮಾತ್ರ ನನ್ನ ಹತ್ತಿರವೇ ಇರಲಿ.

ಬಕೆಟ್‌ಗಿಂತ ಮುಖ್ಯವಾದದ್ದು ತುಂಬುವ ಹೊತ್ತು. ಮೇ ಮೊದಲ ವಾರದೊಳಗೆ ತುಂಬಿಬಿಡಬೇಕು. ಕಾಫಿ ಒಣಗಿಸುವ ಕಣದಲ್ಲಿ ಅವಲಕ್ಕಿ, ಬಟ್ಟೆ, ಕಂಬಳಿ, ಖಾಲಿ ಬಕೆಟ್ ಎಲ್ಲವನ್ನೂ ಬಿಸಿಲಿಗೆ ಹಾಕಿ, ಮಧ್ಯಾಹ್ನದ ಬಿಸಿಲಲ್ಲೇ ಮುಚ್ಚುತ್ತೇನೆ. ಸಂಜೆಯ ತಣ್ಣನೆ ಗಾಳಿ ಒಳಗೆ ಹೋದರೆ ಕೆಲಸ ಕೆಟ್ಟ ಹಾಗೆ. ಆಮೇಲೆ ಒಲೆಯ ಅಟ್ಟದಲ್ಲಿ, ನೇರ ಬೆಂಕಿಯ ಮೇಲಲ್ಲ, ಒಂದು ಮೂಲೆಗೆ. ಸುಮ್ನೆ ನೋಡೋಣ ಅಂತ ತೆರೆಯುವವರನ್ನು ಹತ್ತಿರ ಬಿಡಬೇಡಿ.

ತೇವ ಹೀರುವುದಕ್ಕೆ ಏನು ಹಾಕಬೇಕು ಅನ್ನುವುದರಲ್ಲೇ ಒಂದು ಮಳೆಗಾಲ ಹೋಯಿತು. ಉಪ್ಪು ತಾನೇ ನೀರಾಗಿ ಇಳಿಯಿತು. ಇದ್ದಿಲು ಪರವಾಗಿಲ್ಲ, ಆದರೆ ಬಟ್ಟೆಯೆಲ್ಲ ಮಸಿ. ನೀರು ಹಾಕದ ಸುಣ್ಣದ ಕಲ್ಲು ಚೆನ್ನಾಗಿ ಹೀರುತ್ತದೆ, ಹೀರಿ ಹೀರಿ ಅರಳಿ ಚೀಲ ಒಡೆಯುತ್ತದೆ. ನೀರು ತಗುಲಿದರೆ ಕುದಿಯುತ್ತದೆ ಬೇರೆ, ಮಕ್ಕಳಿರುವ ಮನೆಗೆ ಬೇಡ. ಗೆದ್ದದ್ದು ಕೆಂಪಗೆ ಹುರಿದ ಅಕ್ಕಿ, ಬಕೆಟ್‌ಗೆ ಅರ್ಧ ಕೆಜಿ. ಕಾಫಿಯ ತೇವ ಅಳೆಯುವ ಮಾಯಿಶ್ಚರ್ ಮೀಟರಿಗೆ ಅವಲಕ್ಕಿ ಹಾಕಿಯೂ ನೋಡಿದೆ. ಆ ಮೀಟರ್ ಅವಲಕ್ಕಿಗೆ ಮಾಡಿದ್ದಲ್ಲ, ಅಂಕಿ ನಂಬಬೇಡಿ. ಆದರೆ ಹೊರಗಿಟ್ಟದ್ದಕ್ಕೂ ಬಕೆಟಿನದ್ದಕ್ಕೂ ವ್ಯತ್ಯಾಸ ಮಾತ್ರ ಚೆನ್ನಾಗಿ ಕಂಡಿತು.

ಬಕೆಟ್ ಇರುವುದು ನಾವು ಮನೆಯಲ್ಲೇ ಸಿಕ್ಕಿಬಿದ್ದರೆ ಬೇಕಾಗುವುದಕ್ಕೆ. ಮನೆ ಬಿಟ್ಟು ಓಡುವುದಕ್ಕೆ ಬೇರೆ, ಆಳಿಗೊಂದು ಬೆನ್ನಿನ ಚೀಲ. ಇಳಿಜಾರಿನಲ್ಲಿ ಎರಡೂ ಕೈ ಖಾಲಿ ಇರಬೇಕು. ಅವ್ವನ ಚೀಲ ಮೂರು ಕೆಜಿ ದಾಟಬಾರದು ಅಂತ ತಕ್ಕಡಿಗೆ ಹಾಕಿಯೇ ತುಂಬಿದ್ದು. ಅವ್ವನ ಬಿಪಿ ಮಾತ್ರೆ ಹಳತಾಗದ ಹಾಗೆ, ಹೊಸ ಸ್ಟ್ರಿಪ್ ತಂದ ದಿನ ಅದು ಚೀಲಕ್ಕೆ, ಚೀಲದ್ದು ಬಳಕೆಗೆ. ಪಹಣಿ, ಆಧಾರ್, ಪಾಸ್‌ಬುಕ್ಕಿನ ಜೆರಾಕ್ಸ್ ಪ್ಲಾಸ್ಟಿಕ್ ಕವರಿನಲ್ಲಿ. ದುಡ್ಡು ಹತ್ತು, ಇಪ್ಪತ್ತು, ನೂರರ ನೋಟಿನಲ್ಲಿ, ಎರಡು ಸಾವಿರದಷ್ಟು. ಟವರ್ ಹೋದ ಮೇಲೆ ಫೋನಿನಲ್ಲಿ ಎಷ್ಟು ದುಡ್ಡಿದ್ದರೇನು? ಸೆಲ್ ಟಾರ್ಚಿನಲ್ಲಿ ಹಾಕಿಡಬೇಡಿ, ಪಕ್ಕಕ್ಕೆ ಕಟ್ಟಿಡಿ.

ಸೋಲಾರ್ ಲ್ಯಾಂಪಿಗೆ ಒಂಬೈನೂರೋ ಸಾವಿರವೋ ಸುರಿದೆ. ಜುಲೈಯಲ್ಲಿ ನಮ್ಮಲ್ಲಿ ಸೂರ್ಯ ಕಂಡರಲ್ವಾ ಅದು ಚಾರ್ಜ್ ಆಗುವುದು! ಅದಕ್ಕಿಂತ ಜೀಪಿನ ಬ್ಯಾಟರಿ, ನೂರೈವತ್ತು ರೂಪಾಯಿಯ ಕಾರ್ ಚಾರ್ಜರ್, ಎರಡು ಕ್ಲಿಪ್ ಸಾಕು. ಸುದ್ದಿಗೆ ಸಣ್ಣ ರೇಡಿಯೋ. ಮಡಿಕೇರಿ ಆಕಾಶವಾಣಿ 103.1 ನಮಗೆ ಅಂಗಳದ ತುದಿಯಲ್ಲಿ ಸಿಗುತ್ತದೆ.

ನೀರಿನ ವಿಷಯ. ಮಣ್ಣು ಬೆರೆತ ಕೆಂಪು ನೀರಿಗೆ ಕ್ಲೋರಿನ್ ಮಾತ್ರೆ ಹಾಗೇ ಹಾಕಿದರೆ ದಂಡ. ಮೊದಲು ತಿಳಿಯಾಗಲು ಬಿಟ್ಟು, ದಪ್ಪ ಬಟ್ಟೆಯಲ್ಲಿ ಸೋಸಿ, ಆಮೇಲೆ ಮಾತ್ರೆ, ಅರ್ಧ ಗಂಟೆ ಕಾಯಬೇಕು. ಸೌದೆ ಇದ್ದರೆ ಕುದಿಸಿಬಿಡಿ, ಅದೇ ಒಳ್ಳೆಯದು.

ನನಗೆ 'ಬಕೆಟ್ ಭಾವ' ಅಂತ ಹೆಸರಿಟ್ಟಿದ್ದರು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜರಿಯಿತು, ಭಾಗಮಂಡಲದಲ್ಲಿ ರಸ್ತೆ ಮೇಲೆ ನೀರು, ನಮ್ಮಲ್ಲಿ ಕರೆಂಟೂ ಇಲ್ಲ, ಫೋನೂ ಇಲ್ಲ. ಬಕೆಟ್ ತೆರೆದರೆ ಅವಲಕ್ಕಿ ಗರಿಗರಿ, ಬೆಂಕಿಕಡ್ಡಿ ಒಂದೇ ಗೀರಿಗೆ ಹತ್ತಿತು. ಹೆಸರಿಟ್ಟ ಭಾಮೈದನೇ ಸಂಜೆ ಕೊಡೆ ಹಿಡಿದು ಬಂದ, "ಭಾವ, ಎರಡು ಸೆಲ್ ಇದ್ಯಾ?" ಅಂತ. ಕೊಟ್ಟೆ, ಒಂದು ಹಿಡಿ ಹುರಿಗಾಳನ್ನೂ ಕೊಟ್ಟೆ.

ಎರಡು ಬಕೆಟ್, ನಾಲ್ಕು ಚೀಲ ಎಲ್ಲ ಸೇರಿ ಎರಡೂವರೆ ಸಾವಿರದೊಳಗೆ ಮುಗಿದಿದೆ, ಜೀಪಿನ ಬ್ಯಾಟರಿ ಬಿಟ್ಟು. ಸೋತದ್ದರ ಲೆಕ್ಕ ಅದಕ್ಕಿಂತ ಜಾಸ್ತಿ. ಈಗ ಅದೇ ಪೇಂಟರ್ ಒಂದು ಬಕೆಟ್‌ಗೆ ನೂರಿಪ್ಪತ್ತು ಕೇಳುತ್ತಾನೆ.