ಲ್ಯಾಪ್‌ಟಾಪ್ ತೆವಳುತ್ತಿದೆಯೇ? ಮೊದಲು ಈ ಅಂಕಿ ನೋಡಿ

ಟೈಪ್ ಮಾಡಿದ ಅಕ್ಷರ ಎರಡು ಸೆಕೆಂಡ್ ಬಿಟ್ಟು ಪರದೆಗೆ ಬರುತ್ತದೆ. ಬ್ರೌಸರ್ ತೆರೆಯುವಷ್ಟರಲ್ಲಿ ಎದ್ದು ಹೋಗಿ ನೀರು ಕುಡಿದು ಬರಬಹುದು. ಯಾರನ್ನು ಕೇಳಿದರೂ ಒಂದೇ ಉತ್ತರ: ‘ವೈರಸ್ ಇರ್ಬೇಕು, ಫಾರ್ಮ್ಯಾಟ್ ಹೊಡೀರಿ’. ನಾನೂ ಒಮ್ಮೆ ಹೊಡೆದೆ. ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು, ಲ್ಯಾಪ್‌ಟಾಪ್ ಮಾತ್ರ ಹಾಗೇ ತೆವಳುತ್ತಿತ್ತು. ತಪ್ಪು ವಿಂಡೋಸ್‌ನದ್ದಲ್ಲ, ಚಾರ್ಜರ್‌ನದ್ದು ಅಂತ ಗೊತ್ತಾಗಿದ್ದು ಆಮೇಲೆ. ಈಗ ಯಾವುದಕ್ಕೂ ಕೈ ಹಾಕುವ ಮೊದಲು ಪ್ರೊಸೆಸರ್ ಎಷ್ಟು ವೇಗದಲ್ಲಿ ಓಡುತ್ತಿದೆ ಅಂತ ನೋಡುತ್ತೇನೆ.

ನೋಡುವುದು ಸುಲಭ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಸಿಪಿಯು ಆರಿಸಿ. ಗ್ರಾಫ್‌ನ ಕೆಳಗೆ ‘ಸ್ಪೀಡ್’, ಅದರ ಪಕ್ಕದಲ್ಲಿ ‘ಬೇಸ್ ಸ್ಪೀಡ್’ ಕಾಣುತ್ತದೆ. ಮೊದಲನೆಯದು ಈ ಕ್ಷಣದ ವೇಗ. ಎರಡನೆಯದು ಆ ಪ್ರೊಸೆಸರ್‌ನ ಮೂಲ ವೇಗ.

ಸುಮ್ನೆ ಇದ್ದಾಗ ಸ್ಪೀಡ್ ಕಡಿಮೆ ಕಂಡರೆ ಗಾಬರಿ ಬೇಡ. ಕೆಲಸ ಇಲ್ಲದಾಗ ವೇಗ ಇಳಿಸಿ ಬ್ಯಾಟರಿ ಉಳಿಸುವುದು ಪ್ರೊಸೆಸರ್‌ನ ಗುಣ. ಇಂಟೆಲ್ 2000ರಲ್ಲೇ ಸ್ಪೀಡ್‌ಸ್ಟೆಪ್ ಹೆಸರಲ್ಲಿ ಇದನ್ನು ಲ್ಯಾಪ್‌ಟಾಪ್‌ಗಳಿಗೆ ತಂದಿತ್ತು. ಹಾಗಾಗಿ ಅದಕ್ಕೊಂದು ಕೆಲಸ ಕೊಟ್ಟು ನೋಡಬೇಕು. ನಾಲ್ಕೈದು ಜಿಬಿ ಇರುವ ಫೋಲ್ಡರ್ ಒಂದನ್ನು ಜಿಪ್ ಮಾಡಲು ಬಿಟ್ಟು, ಎರಡು ನಿಮಿಷ ಆ ಅಂಕಿಯ ಮೇಲೆ ಕಣ್ಣಿಡಿ. ಮುಂದಿನ ದಾರಿ ಅದೇ ಹೇಳುತ್ತದೆ.

ಸ್ಪೀಡ್ ಬೇಸ್‌ಗಿಂತ ಮೇಲಿದೆ, ಆದರೂ ಲ್ಯಾಪ್‌ಟಾಪ್ ನಿಧಾನವೇ? ಹಾಗಾದರೆ ಪ್ರೊಸೆಸರ್ ನಿರಪರಾಧಿ. ಅಲ್ಲೇ ಎಡಗಡೆ ಮೆಮೊರಿ ತುಂಬಿದೆಯಾ, ಡಿಸ್ಕ್ ಶೇ 100ರಲ್ಲಿ ನಿಂತಿದೆಯಾ ನೋಡಿ. ಹಳೆಯ ಹಾರ್ಡ್‌ಡಿಸ್ಕ್ ಇದ್ದರೆ ಬಹುಮಟ್ಟಿಗೆ ಅದೇ ಕಳ್ಳ.

ಬೇಸ್ ಸ್ಪೀಡ್‌ನ ಹತ್ತಿರಕ್ಕೇ ಬಂದು ನಿಂತು, ಅಲ್ಲಿಂದ ಮೇಲಕ್ಕೆ ಏರುವುದೇ ಇಲ್ಲವಾ? ಇದು ಸೆಟ್ಟಿಂಗ್‌ನ ಕೆಲಸ ಇರಬಹುದು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ಆ್ಯಂಡ್ ಬ್ಯಾಟರಿ ಒಳಗೆ ‘ಪವರ್ ಮೋಡ್’ ಇದೆ. ಅದನ್ನು ಬ್ಯಾಲೆನ್ಸ್ಡ್ ಅಥವಾ ಬೆಸ್ಟ್ ಪರ್ಫಾರ್ಮೆನ್ಸ್‌ಗೆ ತನ್ನಿ. ಆಮೇಲೆ ಹಳೇ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಎಷ್ಟಿದೆ ನೋಡಿ. ಶೇ 99 ಇದ್ದರೆ ಸಿಕ್ಕಿಬಿತ್ತು ಅಂತಲೇ ಲೆಕ್ಕ. ಒಂದೇ ಒಂದು ಪರ್ಸೆಂಟ್ ಅಲ್ವಾ ಅನ್ನಿಸಬಹುದು. ಆದರೆ 100 ಇಲ್ಲದಿದ್ದರೆ ಟರ್ಬೊ, ಅಂದರೆ ಬೇಸ್‌ಗಿಂತ ಮೇಲಕ್ಕೆ ಏರುವ ಓಟ, ಸಾಮಾನ್ಯವಾಗಿ ಪೂರ್ತಿ ನಿಂತುಹೋಗುತ್ತದೆ. ಬಿಸಿ ಕಡಿಮೆಯಾಗಲಿ ಅಂತ ಬೇಕೆಂದೇ 99 ಇಟ್ಟು ಆಮೇಲೆ ಮರೆತವರು ಬೇಕಾದಷ್ಟು ಜನ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲು ಕಾಣುವುದೇ ಇಲ್ಲ. ಅಂಥ ಕಡೆ ತಯಾರಕರ ಆ್ಯಪ್‌ನಲ್ಲಿ ‘ಕ್ವಯಟ್’ ಅಥವಾ ‘ಸೈಲೆಂಟ್’ ಮೋಡ್ ಆನ್ ಆಗಿದೆಯಾ ನೋಡಿ.

ಇನ್ನು ಮೂರನೆಯ ಬಗೆ. ಜಿಪ್ ಶುರುವಾದಾಗ ವೇಗ ಜೋರಾಗಿ ಏರಿ, ಅರ್ಧ ನಿಮಿಷದಲ್ಲಿ ಇಳಿಯುತ್ತದೆ. ಸ್ವಲ್ಪ ಇಳಿದು ಒಂದು ಮಟ್ಟದಲ್ಲಿ ನಿಂತರೆ ಅದು ರೋಗ ಅಲ್ಲ, ಸ್ವಭಾವ. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿರುವ 15 ವ್ಯಾಟ್‌ನ ಪ್ರೊಸೆಸರ್‌ಗಳು ಸ್ವಲ್ಪ ಹೊತ್ತು ಮಾತ್ರ ಜಾಸ್ತಿ ವಿದ್ಯುತ್ ಎಳೆದು ಓಡಿ, ಆಮೇಲೆ ತಮ್ಮ ಮಿತಿಗೆ ಮರಳುತ್ತವೆ. ಬೇಸ್‌ಗಿಂತಲೂ ಕೆಳಗೆ ಕುಸಿದು, ಫ್ಯಾನ್ ಅರಚಿಕೊಳ್ಳುತ್ತಿದ್ದರೆ ಮಾತ್ರ ಬಿಸಿಯ ತೊಂದರೆ ಅಂತ ತಿಳಿಯಿರಿ. ಎಚ್‌ಡಬ್ಲ್ಯುಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಸಿಪಿಯು ಬಿಸಿ ಕಾಣುತ್ತದೆ. ಬಹಳಷ್ಟು ಇಂಟೆಲ್ ಪ್ರೊಸೆಸರ್‌ಗಳು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬರುತ್ತಿದ್ದಂತೆ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ.

ಇಂಥ ಲ್ಯಾಪ್‌ಟಾಪ್ ಅನ್ನು ಮೊದಲು ಹಾಸಿಗೆಯಿಂದ ಎತ್ತಿ ಮೇಜಿನ ಮೇಲಿಡಿ. ಗಾಳಿ ಒಳಹೋಗುವ ಕಿಂಡಿ ಇರುವುದು ಅಡಿಯಲ್ಲಿ. ಆಮೇಲೆ ಆಫ್ ಮಾಡಿ ಧೂಳು ತೆಗೆಯಿರಿ. ಗಾಳಿ ಊದುವಾಗ ಫ್ಯಾನ್ ಗಿರಗಿರ ತಿರುಗಲು ಬಿಡಬೇಡಿ, ಕಡ್ಡಿಯಿಂದ ಮೆಲ್ಲಗೆ ತಡೆಹಿಡಿಯಿರಿ. ಇಲ್ಲದಿದ್ದರೆ ಬೇರಿಂಗ್ ಕೆಡಬಹುದು. ಇಷ್ಟಾದರೂ ಬಿಸಿ ಇಳಿಯದಿದ್ದರೆ ಪ್ರೊಸೆಸರ್ ಮೇಲಿನ, ಬಿಸಿಯನ್ನು ಹೊರಗೆ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿರಬಹುದು. ಅದನ್ನು ಬದಲಿಸುವುದು ಕೈ ಪಳಗಿದವರ ಕೆಲಸ.

ಈಗ ನನ್ನ ಭಾನುವಾರ ತಿಂದ ತೊಂದರೆಗೆ ಬರೋಣ. ಸ್ಪೀಡ್ 0.79 ಗಿಗಾಹರ್ಟ್ಸ್‌ನಲ್ಲಿ ಮೊಳೆ ಹೊಡೆದಂತೆ ನಿಂತಿತ್ತು. ಕೆಲವು ಯಂತ್ರಗಳಲ್ಲಿ ಇದು 0.39. ಬಿಸಿ ಇಲ್ಲ, ಫ್ಯಾನ್ ಸದ್ದೂ ಇಲ್ಲ, ಏನು ಕೆಲಸ ಕೊಟ್ಟರೂ ಅಂಕಿ ಅಲ್ಲಾಡುವುದಿಲ್ಲ. ಹೀಗಿದ್ದರೆ ಮದರ್‌ಬೋರ್ಡ್‌ನ ಯಾವುದೋ ಭಾಗ ಪ್ರೊಸೆಸರ್‌ಗೆ ‘ಅಪಾಯ, ನಿಧಾನ’ ಅಂತ ಸಂಕೇತ ಕಳಿಸುತ್ತಿರುತ್ತದೆ. ಇದಕ್ಕೆ ಪ್ರೋಚಾಟ್ ಅನ್ನುತ್ತಾರೆ. ಕೆಟ್ಟ ಬ್ಯಾಟರಿ, ಹಾಳಾದ ಸೆನ್ಸರ್, ಗುರುತು ಸಿಗದ ಚಾರ್ಜರ್ ಯಾವುದೂ ಕಾರಣ ಆಗಬಹುದು.

ಕೆಲವು ಚಾರ್ಜರ್‌ಗಳ ತುದಿಯಲ್ಲಿ, ಸರಿಯಾಗಿ ನಡುವೆ, ಸೂಜಿಯಂಥ ಪಿನ್ ಇರುತ್ತದೆ. ‘ನಾನು 65 ವ್ಯಾಟ್’ ಅಂತ ಚಾರ್ಜರ್ ಲ್ಯಾಪ್‌ಟಾಪ್‌ಗೆ ಹೇಳುವುದು ಅದರ ಮೂಲಕ. ನನ್ನದರ ಪಿನ್ ಒಂದು ಪಕ್ಕಕ್ಕೆ ಬಾಗಿತ್ತು. ಟಾರ್ಚ್ ಹಿಡಿದು ನೋಡುವವರೆಗೂ ಕಂಡಿರಲಿಲ್ಲ. ಯಾರು ಬಂದಿದ್ದಾರೆ ಅಂತಲೇ ತಿಳಿಯದ ಲ್ಯಾಪ್‌ಟಾಪ್ ವೇಗವನ್ನು ಹಿಡಿದಿಟ್ಟಿತ್ತು. ಯುಎಸ್‌ಬಿ-ಸಿ ಲ್ಯಾಪ್‌ಟಾಪ್‌ಗೆ ಫೋನಿನ ಸಣ್ಣ ಚಾರ್ಜರ್ ಹಾಕಿದರೂ ಹೀಗಾಗಬಹುದು.

ಪರೀಕ್ಷೆ ಹೀಗೆ ಮಾಡಿ. ಲ್ಯಾಪ್‌ಟಾಪ್ ಆಫ್ ಮಾಡಿ ಚಾರ್ಜರ್ ಕೀಳಿರಿ. ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಎಷ್ಟೋ ಯಂತ್ರಗಳು ಇಷ್ಟಕ್ಕೇ ಸರಿಹೋಗುತ್ತವೆ. ಆಮೇಲೆ ಬರೀ ಬ್ಯಾಟರಿಯಲ್ಲಿ ಶುರು ಮಾಡಿ, ಅದೇ ಜಿಪ್ ಕೆಲಸ ಕೊಟ್ಟು ಅಂಕಿ ನೋಡಿ. ವೇಗ ಏರಿತು, ಚಾರ್ಜರ್ ಚುಚ್ಚಿದೊಡನೆ ಮತ್ತೆ ಬಿತ್ತು ಅಂದರೆ ಚಾರ್ಜರ್ ಅಥವಾ ಅದರ ಸಾಕೆಟ್ ಮೇಲೆ ಅನುಮಾನ. ಅದೇ ವ್ಯಾಟ್‌ನ, ಅದೇ ಮಾದರಿಗೆ ಒಪ್ಪುವ ಇನ್ನೊಂದು ಚಾರ್ಜರ್ ಸಾಲ ತಂದು ನೋಡಿ. ಬರೀ ಬ್ಯಾಟರಿಯಲ್ಲೂ ಚಾರ್ಜರ್ ಹಾಕಿದಾಗಲೂ ವೇಗ ಏರದಿದ್ದರೆ ಬ್ಯಾಟರಿ, ಸೆನ್ಸರ್ ಕಡೆ ತಿರುಗಬೇಕು. ಹಳೇ ಮಾದರಿಯಲ್ಲಿ ಬ್ಯಾಟರಿ ತೆಗೆದು ಓಡಿಸಿ ನೋಡುವವರಿಗೆ ಒಂದು ಕಿವಿಮಾತು: ಬ್ಯಾಟರಿ ಇಲ್ಲದಾಗ ಬೇಕೆಂದೇ ವೇಗ ಇಳಿಸುವ ಮಾದರಿಗಳೂ ಇವೆ.

ಪ್ರೋಚಾಟ್ ಸಂಕೇತವನ್ನೇ ಆಫ್ ಮಾಡುವ ಥ್ರಾಟಲ್‌ಸ್ಟಾಪ್‌ನಂಥ ತಂತ್ರಾಂಶ ಇದೆ. ತುರ್ತಿಗೆ ನಾನೂ ಬಳಸಿದ್ದೇನೆ. ಪ್ರೊಸೆಸರ್ ತನ್ನ ಬಿಸಿಯನ್ನು ತಾನು ನೋಡಿಕೊಳ್ಳುತ್ತದೆ, ನಿಜ. ಆದರೆ ಉಳಿದ ಭಾಗಗಳ ಕೂಗು ಅದಕ್ಕೆ ಕೇಳಿಸದಂತಾಗುತ್ತದೆ. ತಪ್ಪು ಚಾರ್ಜರ್‌ನದ್ದೇ ಅಂತ ಖಚಿತವಾದ ಮೇಲೆ, ಹೊಸದು ಬರುವವರೆಗೆ ಮಾತ್ರ ಇದು ಸರಿ.

ಲಿನಕ್ಸ್‌ನವರಿಗೆ ಒಂದು ಮಾತು: ಇಂಟೆಲ್ ಪ್ರೊಸೆಸರ್‌ನಲ್ಲಿ ಗವರ್ನರ್ (ವೇಗ ನಿರ್ಧರಿಸುವ ಸೆಟ್ಟಿಂಗ್) ‘ಪವರ್‌ಸೇವ್’ ಅಂತ ಕಂಡರೆ ಹೆದರಬೇಡಿ, ಸಾಮಾನ್ಯವಾಗಿ ಅದು ಬೇಕಾದಾಗ ವೇಗ ಏರಿಸಿಯೇ ಏರಿಸುತ್ತದೆ. ಮ್ಯಾಕ್‌ನಲ್ಲಿ ‘ಕರ್ನಲ್ ಟಾಸ್ಕ್’ ಎಂಬ ಸಿಸ್ಟಮ್‌ನದೇ ಕೆಲಸ ಸಿಪಿಯು ತಿನ್ನುತ್ತಿದ್ದರೆ ಅದು ಬಿಸಿ ಇಳಿಸುವ ಉಪಾಯ ಇರಬಹುದು, ಬಿಸಿಗೆ ಕಾರಣ ಹುಡುಕಿ.

ರಿಪೇರಿಗೆ ಕೊಡಲೇಬೇಕಾಗಿ ಬಂದರೆ ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದು, ಸಿಸ್ಟಮ್ ಲಾಗ್‌ನಲ್ಲಿ ಇವೆಂಟ್ 37 ಹುಡುಕಿ. ಕರ್ನಲ್ ಪ್ರೊಸೆಸರ್ ಪವರ್ ಹೆಸರಲ್ಲಿ ಅದು ಇದ್ದರೆ, ಫರ್ಮ್‌ವೇರ್ (ಯಂತ್ರದೊಳಗೇ ಕೂತಿರುವ ಮೂಲ ತಂತ್ರಾಂಶ) ವೇಗ ತಡೆಹಿಡಿದಿದೆ ಅಂತ ಯಂತ್ರವೇ ಬರೆದಿಟ್ಟ ಹಾಗೆ. ಅದರದ್ದೂ ಟಾಸ್ಕ್ ಮ್ಯಾನೇಜರ್‌ನ ಅಂಕಿಯದ್ದೂ ಫೋಟೊ ತೆಗೆದುಕೊಂಡು ಹೋಗಿ. ಚಾರ್ಜರ್ ಮನೆಯಲ್ಲಿ ಬಿಟ್ಟು ಹೋಗಬೇಡಿ.