ಡ್ಯೂಟಿ ಮುಗಿದ ಮೇಲೆ ಒಂದು ಪುಟ

ಗಂಭೀರ ಕಾಯಿಲೆಯ ಮಕ್ಕಳ ನೋವು, ಸಂಕಟ ಕಡಿಮೆ ಮಾಡುವ ಪ್ಯಾಲಿಯೇಟಿವ್ ಕೇರ್ ವಾರ್ಡಿಗೆ ಹೊಸದಾಗಿ ಬರುವ ನರ್ಸುಗಳಿಗೆ ನಾನು ಮೊದಲು ಹೇಳುವುದು, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ ಅಂತ. ಯೂನಿಫಾರ್ಮ್ ಬಿಚ್ಚಿಟ್ಟು ಮನೆಗೆ ಹೊರಡುವ ಮೊದಲು ಹತ್ತು ನಿಮಿಷ ಕೂತು ಬರೆಯಿರಿ. ಮಗುವಿನ ಹೆಸರು, ಬೆಡ್ ನಂಬರ್ ಬೇಡ.

ಇಡೀ ದಿನದ ವರದಿ ಬೇಡವೇ ಬೇಡ. ಮನಸ್ಸಿನಿಂದ ಹೋಗದೆ ಉಳಿದ ಒಂದು ಗಳಿಗೆ ಸಾಕು. ಮೊದಲು ಕಣ್ಣಿಗೆ ಕಂಡದ್ದನ್ನು, ಕಿವಿಗೆ ಬಿದ್ದದ್ದನ್ನು ಮಾತ್ರ ಬರೆಯಿರಿ. ಇದು ಅಂದುಕೊಂಡಷ್ಟು ಸುಲಭ ಅಲ್ಲ.

ನನ್ನದೇ ಒಂದು ಪುಟ ಹೇಳುತ್ತೇನೆ. ಇನ್ನೂ ಸರಿಯಾಗಿ ಮಾತು ಬಾರದ ಹೆಣ್ಣುಮಗು. 'ಸಂಜೆಯೆಲ್ಲ ಆರಾಮಾಗಿತ್ತು' ಎಂದು ಬರೆದೆ. ಆರಾಮ ಎನ್ನುವುದನ್ನು ನಾನು ಕಂಡಿರಲಿಲ್ಲ, ಹಾಗೆ ಅಂದುಕೊಂಡಿದ್ದೆ. ಅದನ್ನು ಹೊಡೆದುಹಾಕಿ ಮತ್ತೆ ಬರೆದೆ: ಅಳಲಿಲ್ಲ. ಕಾಲು ಅಲ್ಲಾಡಿಸಲಿಲ್ಲ. ಗೊಂಬೆ ಕೊಟ್ಟರೂ ಹಿಡಿಯಲಿಲ್ಲ. 'ಇವಳು ಹೀಗಿರೋಳಲ್ಲ ಸಿಸ್ಟರ್' ಎಂದು ಅಮ್ಮ ಎರಡು ಸಲ ಹೇಳಿದರು.

ಮಾತಿನಲ್ಲಿ ಹೇಳಲಾಗದ ಮಕ್ಕಳ ನೋವನ್ನು ನೋಡಿ ಅಳೆಯುವ ಫ್ಲಾಕ್ (FLACC) ಸ್ಕೇಲಿನಲ್ಲಿ ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನವಾಗುವ ರೀತಿ, ಈ ಐದಕ್ಕೂ ತಲಾ 0ರಿಂದ 2 ಅಂಕ. ನಾನು ಒಟ್ಟು 10ಕ್ಕೆ 1 ಕೊಟ್ಟಿದ್ದೆ, ಅಂದರೆ ನೋವು ತೀರಾ ಕಡಿಮೆ ಎಂದು. ಆದರೆ ಬಹಳ ದಿನ ನೋವು ತಿಂದ ಮಗು ಅಳುವುದನ್ನೇ ಬಿಟ್ಟುಬಿಡಬಹುದು. ಅಲ್ಲಾಡಿದರೆ ಜಾಸ್ತಿ ನೋಯುತ್ತದೆ, ಅದಕ್ಕೇ ಸುಮ್ನೆ ಮಲಗಿರುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಹೊಳೆಯಲಿಲ್ಲ? ಅಮ್ಮನ ಮಾತನ್ನು ನಾನು ಬರೀ ಸಂಕಟದ ಮಾತು ಎಂದುಕೊಂಡಿದ್ದೆ. ಅವರು ಲಕ್ಷಣ ಹೇಳುತ್ತಿದ್ದರು.

ಕಾರಣ ಸಿಗುವವರೆಗೆ ಹೀಗೆ 'ಯಾಕೆ' ಎಂದು ಕೇಳಿಕೊಳ್ಳಿ. ಅನ್ನಿಸಿದ್ದನ್ನೂ ಬರೆಯಿರಿ. ನಾನು 'ನಾಚಿಕೆಯಾಯಿತು' ಎಂದು ಬರೆದೆ. ಅಳು ಬಂದರೆ ಅತ್ತುಬಿಡಿ. ಆದರೆ ಆ ಹೊತ್ತಿನಲ್ಲಿ ನಿಮಗೆ ಗೊತ್ತೇ ಇರದಿದ್ದ ಸಂಗತಿಗೆ ನಿಮ್ಮನ್ನು ಬೈದುಕೊಳ್ಳಬೇಡಿ.

ಅನುಭವವನ್ನು ಹಿಂದಿರುಗಿ ನೋಡಿ ಕಲಿಯುವುದಕ್ಕೆ ಗ್ರಹಾಂ ಗಿಬ್ಸ್ ಎಂಬ ಶಿಕ್ಷಣತಜ್ಞ 1988ರಲ್ಲಿ ಕೊಟ್ಟ ಆರು ಹಂತಗಳನ್ನು ನೀವು ಓದಿರಬಹುದು: ನಡೆದದ್ದು, ಅನ್ನಿಸಿದ್ದು, ಸರಿ ಹೋದದ್ದು ಹೋಗದ್ದು, ಕಾರಣ, ತೀರ್ಮಾನ, ಮುಂದೇನು. ಶುರುವಿನಲ್ಲಿ ಅದು ಕೈಹಿಡಿದು ನಡೆಸುತ್ತದೆ. ದಿನಾ ಆರನ್ನೂ ತುಂಬಲೇಬೇಕೆಂದಿಲ್ಲ. 'ಮುಂದೇನು' ಮಾತ್ರ ಬಿಡಬೇಡಿ. 'ಇನ್ನು ಮೇಲೆ ಹುಷಾರಾಗಿರುತ್ತೇನೆ' ಎಂದರೆ ಏನೂ ಬರೆದ ಹಾಗಲ್ಲ. ಯಾವಾಗ, ಯಾರ ಹತ್ತಿರ, ಏನು ಮಾಡುತ್ತೀರಿ ಎಂದು ಬರೆಯಿರಿ.

ಒಂದೇ ಮಗುವಿನ ಮಾತು ವಾರಗಟ್ಟಲೆ ಪುಟಕ್ಕೆ ಬರುತ್ತಿದೆಯಾ, ನಿದ್ದೆ ಹೋಗಿದೆಯಾ? ಹಾಗಿದ್ದರೆ ನೋಟ್‌ಬುಕ್ ಸಾಲದು. ಸೀನಿಯರ್ ಸಿಸ್ಟರ್ ಜೊತೆ ಅಥವಾ ಕೌನ್ಸೆಲರ್ ಜೊತೆ ಕೂತು ಮಾತಾಡಿ.

ಬರೆಯುವಾಗಲೇ ಮಗುವಿಗೆ ಏನೋ ಬೇಕಿತ್ತು ಎಂದು ಹೊಳೆದರೆ ನಾಳೆಗೆ ಕಾಯಬೇಡಿ. ಆ ದಿನ ನಾನು ಪೆನ್ನು ಇಟ್ಟು ವಾರ್ಡಿಗೆ ವಾಪಸ್ ಹೋದೆ. ನೈಟ್ ಡ್ಯೂಟಿ ಸಿಸ್ಟರ್ ಡಾಕ್ಟರನ್ನು ಕರೆಸಿದರು. ಅವರು ನೋಡಿ ನೋವಿಗೆ ಮಾರ್ಫಿನ್ ಕೊಡಿಸಿದರು. ಸುಮಾರು ಒಂದು ಗಂಟೆ ಕಳೆದ ಮೇಲೆ ಮಗು ಗೊಂಬೆಯ ಕಡೆ ಕೈ ಚಾಚಿತು.

ಈಗ ಹೊಸ ಮಗು ಬಂದ ದಿನವೇ ಅಮ್ಮನನ್ನು ಕೇಳುತ್ತೇನೆ: 'ನೋವಿದ್ದಾಗ ನಿಮ್ಮ ಮಗು ಹೇಗಿರುತ್ತೆ?' ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಚಾರ್ಟಿನ ಮೇಲ್ಗಡೆ ಬರೆದಿಡುತ್ತೇನೆ.