ಕಾರವಾರದ ಉಪ್ಪುಗಾಳೀಲಿ ಬಿಟ್‌ಕಾಯಿನ್ ಮೈನರ್ (ಬಿಟ್‌ಕಾಯಿನ್ ಗಳಿಸೋಕೆ ಲೆಕ್ಕ ಹಾಕೋ ಮಶೀನ್) ಮೇಲೆ ಕಣ್ಣಿಡೋದು ಹೆಂಗೆ

ಹ್ಯಾಶ್‌ರೇಟ್ (ಮಶೀನ್ ಸೆಕೆಂಡಿಗೆ ಎಷ್ಟು ಲೆಕ್ಕ ಹಾಕತ್ತೆ ಅನ್ನೋದು) ಐದು ನಿಮಿಷ ಇಳೀತು ಅಂತ ಗಾಬರಿ ಬೀಳ್ಬೇಡಿ, ಅದು ಏರೋದು ಇಳಿಯೋದು ಇದ್ದಿದ್ದೇ, ಪೂಲ್‌ನಲ್ಲಿ (ತುಂಬ ಮೈನರ್‌ಗಳು ಒಟ್ಟಾಗಿ ಕೆಲ್ಸ ಮಾಡೋ ಜಾಲ) 24 ಗಂಟೆ ಸರಾಸರಿ ನೋಡಿ, ಮಶೀನ್ ತೋರ್ಸೋದಕ್ಕೂ ಅದಕ್ಕೂ ತುಂಬ ವ್ಯತ್ಯಾಸ ಇದ್ರೆ ರಿಜೆಕ್ಟ್ ಆದ ಶೇರ್ (ಮಶೀನ್ ಕಳ್ಸಿದ್ರೂ ಪೂಲ್ ಒಪ್ಪದ ಉತ್ತರ) ಜಾಸ್ತಿ ಆಗಿದ್ಯಾ ನೋಡಿ, ಎಷ್ಟೋ ಸಲ ಅದು ನೆಟ್‌ದೇ ಕಿರಿಕಿರಿ.

ಆಂಟ್‌ಮೈನರ್ ಎಸ್9 ಅನ್ನೋ ಮಾಡೆಲ್‌ನಲ್ಲಿ ಮೂರು ಹ್ಯಾಶ್‌ಬೋರ್ಡ್ (ಲೆಕ್ಕ ಹಾಕೋ ಚಿಪ್‌ಗಳಿರೋ ಬೋರ್ಡ್), ಒಂದೊಂದ್ರಲ್ಲಿ 63 ಚಿಪ್. ಸ್ಟೇಟಸ್ ಪೇಜಲ್ಲಿ ಚಿಪ್‌ಗಳ ಸಾಲು ಕಾಣತ್ತೆ, ಸರಿ ಇರೋದು ಸೊನ್ನೆ ಥರ, ಕೆಟ್ಟಿದ್ದು ಎಕ್ಸ್. ಮೂರರಲ್ಲಿ ಒಂದು ಪಾಲು ಹ್ಯಾಶ್‌ರೇಟ್ ಒಮ್ಮೆಲೇ ಮಾಯ ಆದ್ರೆ ಒಂದು ಬೋರ್ಡೇ ಮಲಗಿದೆ ಅಂತ ಲೆಕ್ಕ. ಪವರ್ ಆಫ್ ಮಾಡಿ ಡೇಟಾ ಕೇಬಲ್ ಅದಲುಬದಲು ಮಾಡಿ, ತೊಂದ್ರೆ ಪಕ್ಕದ ಬೋರ್ಡಿಗೆ ಹೋದ್ರೆ ಕೇಬಲ್ಲೋ ಕಂಟ್ರೋಲ್ ಬೋರ್ಡೋ ಕೆಟ್ಟಿದೆ, ಅಲ್ಲೇ ಇದ್ರೆ ಆ ಹ್ಯಾಶ್‌ಬೋರ್ಡೇ.

ಈಗ ನಮ್ ಕರಾವಳಿ ವಿಷ್ಯ. ಸಮುದ್ರದ ಕಡೆ ಕಿಟಕಿಗೆ ಮಶೀನ್ ಮುಖ ಮಾಡಿ ಇಡೋದು ಶುದ್ಧ ದಡ್ಡತನ, ಕನೆಕ್ಟರ್ ಪಿನ್ ಹಸಿರು ಹಿಡಿಯತ್ತೆ, ಮೊದ್ಲು ಎಚ್‌ಡಬ್ಲ್ಯೂ ಎರರ್ (ಹಾರ್ಡ್‌ವೇರ್ ಎರರ್, ಚಿಪ್ ಕೊಡೋ ತಪ್ಪು ಉತ್ತರ) ಏರೋಕೆ ಶುರು ಆಗತ್ತೆ. ಫ್ಯಾನ್ ಫುಲ್ ಸ್ಪೀಡಲ್ಲಿದ್ರೂ ಟೆಂಪರೇಚರ್ ಇಳೀತಿಲ್ಲ ಅಂದ್ರೆ ಹೀಟ್‌ಸಿಂಕ್ ಧೂಳು ತೆಗೀರಿ. ಜೂನ್ ಮಳೇಲಿ ಕರೆಂಟ್ ಹೋಗಿ ಮಶೀನ್ ತಣ್ಣಗೆ ಒದ್ದೆ ರೂಮಲ್ಲಿ ಬಿದ್ದಿದ್ರೆ, ಕರೆಂಟ್ ಬಂದ ಕೂಡ್ಲೇ ಆನ್ ಮಾಡ್ಬೇಡಿ ಮಾರಾಯ್ರೆ, ಸ್ವಲ್ಪ ಹೊತ್ತು ಟೇಬಲ್ ಫ್ಯಾನ್ ಗಾಳಿ ಕೊಟ್ಟು ಪಸೆ ಆರಿದ್ಮೇಲೆ ಮಾಡಿ.